ನೀರೊಳಗಿನ ಆಕಾರ

ನಮ್ಮ ಮನೆಯಲ್ಲಿ ಲಿಂಗನಮಕ್ಕಿ ಹಿನ್ನೀರಿನ ಎರಡು ಫೋಟೋಗಳಿವೆ, ಒಂದೇ ಜಾಗದಲ್ಲಿ ನಿಂತು ತೆಗೆದವು. ಒಂದು ಮಳೆಗಾಲ ಮುಗಿದಾಗಿನದು: ಕಣ್ಣು ಹಾಯುವವರೆಗೂ ನೀರು, ನಡುವೆ ಒಂದು ದೋಣಿ. ಇನ್ನೊಂದು ಮೇ ತಿಂಗಳದ್ದು: ಒಣನೆಲ, ಮೇಯುವ ದನ, 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಅಮ್ಮನ ತವರಿನ ದಾರಿ. ಅಣುಗಳ ಆಕಾರ ಕಂಡುಹಿಡಿದ ಚರಿತ್ರೆ ಓದುವಾಗಲೆಲ್ಲ ನನಗೆ ಈ ಫೋಟೋಗಳೇ ನೆನಪಾಗುತ್ತವೆ.

ಅಣುವಿನ ಆಕಾರ ತಿಳಿಯಲು ಮೊದಲಿನಿಂದ ಇದ್ದ ಒಳ್ಳೆಯ ದಾರಿ, ಅದನ್ನು ಹರಳುಗಟ್ಟಿಸಿ ಎಕ್ಸ್‌-ರೇ ಹಾಯಿಸುವುದು. ಅದು ಶಾಲೆಯ ಗ್ರೂಪ್ ಫೋಟೋ ಇದ್ದ ಹಾಗೆ, ಎಲ್ಲರೂ ಕೈಕಟ್ಟಿ ನಿಂತಿರುತ್ತಾರೆ. ಆದರೆ ಮೈಯೊಳಗಿನ ಅಣುಗಳು ಹೆಚ್ಚಾಗಿ ಇರುವುದು ನೀರಿನಲ್ಲಿ. ಉದ್ದನೆಯ, ಬಳುಕುವ ಅಣುವಂತೂ ಗಳಿಗೆಗೊಂದು ಭಂಗಿ. ಅದನ್ನು ದ್ರಾವಣದಲ್ಲೇ ನೋಡಲು ಒದಗಿದ್ದು ಎನ್‌ಎಂಆರ್. ತೆಳ್ಳನೆಯ ಗಾಜಿನ ಕೊಳವೆಯಲ್ಲಿ ದ್ರಾವಣ ತುಂಬಿ, ಬಲವಾದ ಅಯಸ್ಕಾಂತದೊಳಗೆ ಇಳಿಸಿ ರೇಡಿಯೋ ಅಲೆ ಹಾಯಿಸಿದರೆ, ಹೈಡ್ರೋಜನ್ನಿನ ನ್ಯೂಕ್ಲಿಯಸ್ಸುಗಳು ತಮ್ಮ ತಮ್ಮ ನೆರೆಹೊರೆಗೆ ತಕ್ಕಂತೆ ತುಸು ಬೇರೆ ಬೇರೆ ಸ್ವರದಲ್ಲಿ ಉತ್ತರಿಸುತ್ತವೆ.

ಆದರೆ ಯಾವುದು ಯಾವುದರ ಪಕ್ಕದಲ್ಲಿದೆ? ಇದನ್ನು ತಿಳಿಯುವ ವಿಧಾನವೊಂದನ್ನು 1980ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೊದಲ ಹೆಸರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನಿಲ್ ಕುಮಾರ್ ಅವರದು. ಜೊತೆಯಲ್ಲಿ ಸ್ವಿಟ್ಜರ್ಲೆಂಡಿನ ಅರ್ನ್ಸ್ಟ್ ಮತ್ತು ವುತ್ರಿಖ್. ಸುಮಾರು 5 ಆಂಗ್‌ಸ್ಟ್ರಾಂ, ಅಂದರೆ ಒಂದು ಮಿಲಿಮೀಟರನ್ನು 20 ಲಕ್ಷ ಪಾಲು ಮಾಡಿದರೆ ಒಂದು ಪಾಲು, ಅಷ್ಟು ಹತ್ತಿರ ಇರುವ ಹೈಡ್ರೋಜನ್ ಜೋಡಿಗಳನ್ನು ಅದು ಹಿಡಿದುಕೊಡುತ್ತದೆ. ಅರ್ನ್ಸ್ಟ್‌ಗೆ 1991ರಲ್ಲಿ, ವುತ್ರಿಖ್‌ಗೆ 2002ರಲ್ಲಿ ನೊಬೆಲ್ ಬಂತು. ಅನಿಲ್ ಕುಮಾರರು 1975ರಲ್ಲೇ ಅರ್ನ್ಸ್ಟ್ ಜೊತೆಗೂಡಿ ಬರೆದ ಇನ್ನೊಂದು ಲೇಖನ ಎಂಆರ್‌ಐ ಸ್ಕ್ಯಾನಿಂಗಿಗೆ ಬುನಾದಿಯಾದವುಗಳಲ್ಲಿ ಒಂದು. ಸ್ಕ್ಯಾನಿಂಗ್ ಮಾಡಿಸಿಕೊಂಡು ಬರುವ ನಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು!

ಬಳುಕುವ ಅಣುವಿನಲ್ಲಿ ಮಾತ್ರ ಒಂದು ಪೇಚಿದೆ. ಅದು ಭಂಗಿ ಬದಲಿಸುವ ವೇಗಕ್ಕೆ ಯಂತ್ರ ಸಾಟಿಯಲ್ಲ. ಸಿಗುವುದು ಎಲ್ಲ ಭಂಗಿಗಳ ಸರಾಸರಿ. ಅದೂ ಸಮನಾದ ಸರಾಸರಿಯಲ್ಲ. ದೂರ ಎರಡು ಪಟ್ಟಾದರೆ ಸಂಕೇತ 64ರಲ್ಲಿ ಒಂದು ಪಾಲಿಗೆ ಇಳಿಯುವುದರಿಂದ, ಆಗೊಮ್ಮೆ ಈಗೊಮ್ಮೆ ಹತ್ತಿರ ಬಂದುಹೋಗುವ ಜೋಡಿಯೂ ಸದಾ ಹತ್ತಿರವೇ ಇದ್ದಂತೆ ತೋರುತ್ತದೆ. ಎಲ್ಲವನ್ನೂ ಸೇರಿಸಿ ಒಂದೇ ಆಕಾರ ಬರೆದರೆ, ನಮ್ಮ ಎರಡು ಫೋಟೋಗಳನ್ನು ಒಂದರ ಮೇಲೊಂದು ಅಚ್ಚು ಹಾಕಿದ ಹಾಗೆ: ದನ ಮೇಯುವಲ್ಲೇ ದೋಣಿ. ಅಂಥ ಊರು ಎಂದೂ ಇರಲಿಲ್ಲ. ಔಷಧದ ಅಣು ಪ್ರೋಟೀನಿಗೆ ಹೋಗಿ ಕೂರುವುದು ಅಪರೂಪದ ಭಂಗಿಯೊಂದರಲ್ಲೇ ಇರಬಹುದು. ಅದಕ್ಕೇ ಈಗ ಅಳತೆಗಳಿಗೆ ಹೊಂದುವ ಆಕಾರಗಳ ಗುಂಪನ್ನೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ, ಯಾವುದರ ಪಾಲು ಎಷ್ಟೆಂದು ಅಂದಾಜು ಮಾಡುತ್ತಾರೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಮೇ ತಿಂಗಳ ಫೋಟೋ ಕೈಗೆತ್ತಿಕೊಂಡು, ‘ನಮ್ಮ ದಾರಿ ಕಾಣೋದು ವರ್ಷದಲ್ಲಿ ಹದಿನೈದು ದಿನ. ಅಷ್ಟನ್ನೂ ಲೆಕ್ಕಕ್ಕೆ ತಗೋತಾರಾ?’ ಎಂದಳು.

ತಗೋತಾರೆ ಅಂದೆ.