ತಿನ್ನುವ ಅನ್ನಕ್ಕೆ ಹೊಣೆ ಯಾರು?

ಅಂಗಡಿಯಿಂದ ತಂದ ಬೇಳೆಯನ್ನು ಮೊರದಲ್ಲಿ ಹರಡಿ ಕಲ್ಲು ಆರಿಸುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಕೆಲಸ. ಕಣ್ಣಿಗೆ ಕಾಣುವ ಕಲ್ಲನ್ನು ಗೃಹಿಣಿ ಆರಿಸಿಯಾಳು. ಕಣ್ಣಿಗೆ ಕಾಣದ ಕಲಬೆರಕೆಯನ್ನು ಆರಿಸುವವರು ಯಾರು? ಅದು ಸರ್ಕಾರದ ಕೆಲಸವೆಂದು ಇಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ವಾಚಕರೇ, ಈ ಉತ್ತರ ಸುಲಭವಾಗಿ ದೊರೆತದ್ದಲ್ಲ.

ನಮ್ಮ ದೇಶಕ್ಕೆ ಈ ಪ್ರಶ್ನೆ ಹೊಸದೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ವರ್ತಕರ ಮೋಸದಿಂದ ಪ್ರಜೆಗಳನ್ನು ಕಾಪಾಡುವ ಬಗೆಗೆ ಒಂದು ಅಧ್ಯಾಯವೇ ಇದೆ. ಧಾನ್ಯ, ಎಣ್ಣೆ, ತುಪ್ಪ, ಕ್ಷಾರ, ಉಪ್ಪು, ಗಂಧದ್ರವ್ಯ, ಔಷಧ ಇವುಗಳಲ್ಲಿ ಅದೇ ಬಣ್ಣದ ಬೇರೆ ಪದಾರ್ಥವನ್ನು ಬೆರೆಸಿದವನಿಗೆ 12 ಪಣ ದಂಡವೆಂದು ಅಲ್ಲಿ ವಿಧಿಸಿದೆ. ‘ಅದೇ ಬಣ್ಣದ’ ಎಂಬ ಮಾತನ್ನು ಗಮನಿಸಬೇಕು. ಕಲಬೆರಕೆಯ ಮರ್ಮವೆಲ್ಲ ಅದರಲ್ಲಿ ಅಡಗಿದೆ. ಲುಪ್ತವಾಯಿತೆಂದು ತಿಳಿದಿದ್ದ ಈ ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದವರು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಆದರೆ ದಂಡವೊಂದರಿಂದಲೇ ಕಾರ್ಯ ಸಾಧಿಸದು. ಇದನ್ನು ಲೋಕಕ್ಕೆ ಕಲಿಸಿದ್ದು ಇಂಗ್ಲೆಂಡಿನ ಬ್ರಾಡ್‌ಫರ್ಡ್ ಎಂಬ ಊರಿನ ಒಂದು ದುರಂತ. 1858ನೆಯ ಇಸವಿ, ಅಕ್ಟೋಬರ್ ತಿಂಗಳ ಕೊನೆ. ಆಗ ಅಲ್ಲಿ ಸಕ್ಕರೆ ದುಬಾರಿ. ಆದ್ದರಿಂದ ಮಿಠಾಯಿಯವರು ಸಕ್ಕರೆಯ ಜೊತೆಗೆ ಜಿಪ್ಸಂ ಮೊದಲಾದ ಬಿಳಿಯ ಪುಡಿಯನ್ನು ಬೆರೆಸುವುದು ವಾಡಿಕೆಯಾಗಿತ್ತು. ನೀಲ್ ಎಂಬ ಮಿಠಾಯಿ ತಯಾರಕನು ಆ ಪುಡಿಗಾಗಿ ಔಷಧದ ಅಂಗಡಿಗೆ ಆಳು ಕಳುಹಿಸಿದ. ಅಂಗಡಿಯ ಯಜಮಾನ ಹಾಜ್‌ಸನ್ ಕಾಯಿಲೆ ಬಿದ್ದಿದ್ದ. ಅವನ ಸಹಾಯಕನು ಮೂಲೆಯ ಪೀಪಾಯಿಯಿಂದ 12 ಪೌಂಡು ಪುಡಿ ತೂಗಿ ಕೊಟ್ಟ. ಅದು ಜಿಪ್ಸಂ ಅಲ್ಲ, ಆರ್ಸೆನಿಕ್, ಎಂದರೆ ಪಾಷಾಣ! ಎರಡೂ ಬಿಳುಪು, ಎರಡೂ ಪುಡಿ. ಆ ಪಾಷಾಣದಿಂದ ಪೆಪ್ಪರಮೆಂಟು ತಯಾರಾಯಿತು. ಹಾರ್ಡೇಕರ್ ಎಂಬುವನು ಸಂತೆಯ ಅಂಗಡಿಯಲ್ಲಿ ಅದನ್ನು ಮಾರಿದ. ಸುಮಾರು 20 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. 200ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು.

ನೀಲ್, ಹಾಜ್‌ಸನ್ ಮತ್ತು ಸಹಾಯಕ ಈ ಮೂವರ ಮೇಲೂ ನರಹತ್ಯೆಯ ಆಪಾದನೆ ಬಂದಿತು. ಆದರೆ ಕಡೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಏಕೆಂದರೆ ಅದು ವಿಷವೆಂದು ಒಬ್ಬನಿಗೂ ಗೊತ್ತಿರಲಿಲ್ಲ. ಹಾರ್ಡೇಕರನಂತೂ ಆ ಮಿಠಾಯಿಯನ್ನು ತಾನೂ ತಿಂದು ಕಾಯಿಲೆ ಬಿದ್ದಿದ್ದ. ಮಿಠಾಯಿಗೆ ಜಿಪ್ಸಂ ಬೆರೆಸುವುದನ್ನು ಅಂದಿನ ಕಾನೂನು ಅಪರಾಧವೆಂದು ಎಣಿಸಿರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕೆಂಬುದು ಗಾದೆ. ಇಲ್ಲಿ ತಪ್ಪು ಮಾಡಿದವರು ಒಬ್ಬರು, ಪ್ರಾಣ ತೆತ್ತವರು ಇನ್ನೊಬ್ಬರು.

ಇದಕ್ಕೆ ಮುಂಚೆಯೇ, 1851ರಿಂದ 1854ರವರೆಗೆ, ಆರ್ಥರ್ ಹ್ಯಾಸಲ್ ಎಂಬ ವೈದ್ಯನು ಲಂಡನ್ನಿನ ಅಂಗಡಿಗಳ ಪದಾರ್ಥಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದ್ದ. ಕಂಡದ್ದನ್ನು ವರ್ತಕರ ಹೆಸರು ವಿಳಾಸಗಳ ಸಹಿತ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತ್ತು. ಹೀಗಿದ್ದೂ ಕಾನೂನು ಬರಲು 1860ರವರೆಗೆ ಕಾಯಬೇಕಾಯಿತು. ಬಂದ ಕಾನೂನೂ ದುರ್ಬಲ. ಪರೀಕ್ಷಕರನ್ನು ನೇಮಿಸುವುದು ಸ್ಥಳೀಯರ ಇಚ್ಛೆಗೆ ಬಿಟ್ಟದ್ದು; ಗೊತ್ತಿದ್ದೂ ಮಾರಿದವನಿಗೆ ಮಾತ್ರ ಶಿಕ್ಷೆ. ಗೊತ್ತಿತ್ತೆಂದು ಸಾಧಿಸುವುದು ಹೇಗೆ? 1875ರ ಕಾನೂನು ಈ ತೊಡಕನ್ನು ಬಿಡಿಸಿತು. ಕೊಳ್ಳುವವನು ಕೇಳಿದ ಪದಾರ್ಥದ ಸ್ವರೂಪಕ್ಕೂ ಗುಣಕ್ಕೂ ಹೊಂದದ್ದನ್ನು ಅವನಿಗೆ ನಷ್ಟವಾಗುವಂತೆ ಮಾರಕೂಡದೆಂದು ಅದು ವಿಧಿಸಿತು. ಈ ವಿಧಿಗೆ ಮಾರುವವನ ಅರಿವು ಮುಖ್ಯವಲ್ಲವೆಂದು ನ್ಯಾಯಾಲಯಗಳು ಮುಂದೆ ತೀರ್ಮಾನಿಸಿದವು.

ಇಲ್ಲಿಂದ ಮೊದಲನೆಯ ತತ್ತ್ವ ಸ್ಪಷ್ಟವಾಗುತ್ತದೆ. ಮಾರುವವನ ಮನಸ್ಸನ್ನಲ್ಲ, ಮಾರಿದ ಪದಾರ್ಥವನ್ನು ಪರೀಕ್ಷಿಸಬೇಕು. ಸ್ವತಂತ್ರ ಭಾರತದ 1954ರ ಆಹಾರ ಕಲಬೆರಕೆ ತಡೆ ಕಾನೂನೂ ಇದೇ ದಾರಿ ಹಿಡಿಯಿತು. ‘ನನಗೆ ತಿಳಿಯದು’ ಎಂಬ ಮಾತು ಅದರಲ್ಲಿ ಸಮರ್ಥನೆಯಾಗುತ್ತಿರಲಿಲ್ಲ. ಹಾಗಾದರೆ ಬಡ ಚಿಲ್ಲರೆ ವ್ಯಾಪಾರಿಗೆ ಇದು ಅನ್ಯಾಯವಲ್ಲವೇ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕಾಗಿಯೇ, ತಯಾರಕನಿಂದ ಲಿಖಿತ ಭರವಸೆ ಪಡೆದು, ಕೊಂಡ ಸ್ಥಿತಿಯಲ್ಲಿಯೇ ಸರಿಯಾಗಿಟ್ಟು ಮಾರಿದವನಿಗೆ ಆ ಕಾನೂನು ರಕ್ಷಣೆ ಕೊಟ್ಟಿತು. ಹೊಣೆಯು ಸಂತೆಯ ಅಂಗಡಿಯಿಂದ ಹಿಂದಕ್ಕೆ, ತಯಾರಿಸಿದವನವರೆಗೆ ಹೋಗಬೇಕೆಂಬುದು ಎರಡನೆಯ ತತ್ತ್ವ.

ಮೂರನೆಯದು ಮುನ್ನೆಚ್ಚರಿಕೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆ ಬಳಸಿದವರ ಕಾಲುಗಳು ಊದಿಕೊಂಡವು. 60ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಆರ್ಜಿಮೋನ್ ಎಂಬ ಮುಳ್ಳುಗಿಡದ ಬೀಜ ಸಾಸಿವೆಯಂತೆಯೇ ಕಾಣುತ್ತದೆ. ಅದರ ಎಣ್ಣೆ ಬೆರೆತಿತ್ತು. ಮತ್ತೆ ಅದೇ ಕೌಟಿಲ್ಯನ ಮಾತು! ಆಗ ಅಲ್ಲಿ ಸಾಸಿವೆ ಎಣ್ಣೆಯ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. 2006ರಲ್ಲಿ ಅಂಗೀಕೃತವಾಗಿ, 2011ರಲ್ಲಿ ಹಳೆಯ ಕಾನೂನಿನ ಸ್ಥಾನಕ್ಕೆ ಬಂದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾನೂನು ಈ ತತ್ತ್ವವನ್ನು ತನ್ನ 18ನೆಯ ಪ್ರಕರಣದಲ್ಲಿ ಬರೆದಿಟ್ಟಿದೆ. ಅಪಾಯದ ಸಂಭವವಿದ್ದು ವಿಜ್ಞಾನದ ನಿರ್ಣಯ ಇನ್ನೂ ಪೂರ್ಣವಾಗದಿದ್ದರೆ, ತಾತ್ಕಾಲಿಕ ಕ್ರಮ ಕೈಗೊಳ್ಳಬಹುದು. ಆದರೆ ಆ ಕ್ರಮ ಅಗತ್ಯಕ್ಕಿಂತ ಕಠಿನವಾಗಬಾರದು, ಅದನ್ನು ಮತ್ತೆ ಪರಿಶೀಲಿಸಬೇಕು. ಅಪಾಯವನ್ನು ಜನರಿಗೆ ತಿಳಿಸಬೇಕೆಂದೂ ಅಲ್ಲಿದೆ. ಹ್ಯಾಸಲ್ ಮಾಡಿದ್ದೂ ಅದನ್ನೇ ಅಲ್ಲವೇ?

ಕಡೆಯದಾಗಿ ಒಂದು ಮಾತು. ಕೊಳ್ಳುವವನು ತಾನು ಕೊಂಡ ಆಹಾರವನ್ನು ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದೆಂದು 1954ರ ಕಾನೂನೂ ಹೇಳಿತ್ತು, ಈಗಿನದೂ ಹೇಳುತ್ತದೆ. ಕೊಳ್ಳುವಾಗಲೇ ಅಂಗಡಿಯವನಿಗೆ ಆ ವಿಷಯ ತಿಳಿಸಬೇಕು. ದೋಷ ಕಂಡುಬಂದರೆ ಶುಲ್ಕ ಹಿಂದಿರುಗುತ್ತದೆ. ಈ ಹಕ್ಕನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಸರ್ಕಾರ ಕಾನೂನು ಮಾಡಬಹುದು, ಪರೀಕ್ಷಕರನ್ನು ನೇಮಿಸಬಹುದು. ಮೊರವನ್ನು ಕೈಯಲ್ಲಿ ಹಿಡಿಯಬೇಕಾದವರು ಮಾತ್ರ ನಾವೇ.