ಪುಟ್ಟ ಬೋರ್ಡಿನ ಮೇಲೆ ಮಿದುಳಿನ ಮಾದರಿಯ ತಂತ್ರಾಂಶ

ಮಿದುಳಿನ ನರಕೋಶಗಳ ರೀತಿಯನ್ನು ಅನುಸರಿಸಿ ಗಣಕ ಕಟ್ಟುವ ವಿಧಾನಕ್ಕೆ ನ್ಯೂರೋಮಾರ್ಫಿಕ್ ಕಂಪ್ಯೂಟಿಂಗ್ ಎಂದು ಹೆಸರು. ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಕಾರ್ವರ್ ಮೀಡ್ 1980ರ ದಶಕದ ಕೊನೆಯ ಹೊತ್ತಿಗೆ ಈ ಹೆಸರನ್ನು ಬಳಕೆಗೆ ತಂದರು. ಇಲ್ಲಿ ಬಂದ ಸಂಕೇತಗಳು ಕೂಡುತ್ತಾ ಹೋಗಿ ಒಂದು ಮಿತಿ ದಾಟಿದಾಗ ಮಾತ್ರ ನರಕೋಶವು ಒಂದು ಮಿಡಿತವನ್ನು ಹೊರಡಿಸುತ್ತದೆ. ಉಳಿದ ಹೊತ್ತು ಸುಮ್ಮನಿರುತ್ತದೆ. ವಿದ್ಯುತ್ ಉಳಿಯುವುದು ಈ ಸುಮ್ಮನಿರುವಿಕೆಯಿಂದಲೇ. 2014ರಲ್ಲಿ ಐಬಿಎಂ ಪ್ರಕಟಿಸಿದ ಟ್ರೂನಾರ್ತ್ ಚಿಪ್‌ನಲ್ಲಿ 10 ಲಕ್ಷ ಕೃತಕ ನರಕೋಶಗಳಿದ್ದರೂ ಅದಕ್ಕೆ ಬೇಕಾದದ್ದು ಸುಮಾರು 70 ಮಿಲಿವಾಟ್ ಮಾತ್ರ.

ಇಂಥ ಚಿಪ್‌ಗಳು ಬಹುಮಟ್ಟಿಗೆ ಸಂಶೋಧನಾಲಯಗಳ ಸೊತ್ತು. ಹಾಗಾಗಿ ಸಾಮಾನ್ಯ ಕಾಲೇಜಿನ ವಿದ್ಯಾರ್ಥಿಗೆ ಕೈಗೆಟಕುವುದು ಬ್ರಯಾನ್ 2, ನೆಸ್ಟ್ ಮೊದಲಾದ ಮುಕ್ತ ತಂತ್ರಾಂಶಗಳು. ಇವು ನರಕೋಶಗಳ ವರ್ತನೆಯನ್ನು ಸಾಮಾನ್ಯ ಗಣಕದಲ್ಲೇ ಲೆಕ್ಕ ಹಾಕಿ ತೋರಿಸುತ್ತವೆ. ಪೈಥಾನ್ ಭಾಷೆಯಲ್ಲಿ ಬಳಸುವ ಬ್ರಯಾನ್ 2, ಅಂಗೈಯಗಲದ ರಾಸ್ಪ್‌ಬೆರಿ ಪೈ ಬೋರ್ಡಿನ ಮೇಲೂ ಓಡುತ್ತದೆ. ಸಿ++ ಕಂಪೈಲರ್ ಜೊತೆಗಿರುವುದು ಒಳ್ಳೆಯದು. ಇಲ್ಲದಿದ್ದರೂ ಕೆಲಸ ನಡೆಯುತ್ತದೆ, ಆದರೆ ನಿಧಾನ.

ಎಷ್ಟು ದೊಡ್ಡ ಜಾಲ ಹಿಡಿಸೀತು? ನರಕೋಶಗಳಿಗಿಂತ ಅವುಗಳ ನಡುವಿನ ಕೊಂಡಿಗಳೇ ಜಾಗ ತಿನ್ನುತ್ತವೆ. 10,000 ನರಕೋಶಗಳು, ಪ್ರತಿಯೊಂದಕ್ಕೆ 1,000 ಕೊಂಡಿಗಳೆಂದರೆ ಒಟ್ಟು 1 ಕೋಟಿ ಕೊಂಡಿಗಳಾದವು. ಕೊಂಡಿಯೊಂದಕ್ಕೆ 16 ಬೈಟ್ ಹಿಡಿದರೂ 160 ಮೆಗಾಬೈಟ್ ಆಯಿತು. 4 ಗಿಗಾಬೈಟ್ ನೆನಪಿನ ಬೋರ್ಡಿಗೆ ಇದು ಹೊರೆಯಲ್ಲ. ತೊಡಕಿರುವುದು ವೇಗದಲ್ಲಿ. ಬ್ರಯಾನ್ 2ರ ರೂಢಿಯ ಹೆಜ್ಜೆ 0.1 ಮಿಲಿಸೆಕೆಂಡ್, ಅಂದರೆ ಮಾದರಿಯ ಒಂದು ಸೆಕೆಂಡಿಗೆ 10,000 ಸಲ ಎಲ್ಲ ನರಕೋಶಗಳ ಲೆಕ್ಕವೂ ಆಗಬೇಕು. ಬೋರ್ಡಿನ ಬಿಸಿ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುವುದರಿಂದ ಫ್ಯಾನ್ ಇದ್ದರೆ ಕ್ಷೇಮ.

ಗಮನಿಸಬೇಕಾದ ಸಂಗತಿ ಇಲ್ಲೇ ಇದೆ. ಇಲ್ಲಿ ಸುಮ್ಮನಿರುವ ನರಕೋಶಕ್ಕೂ ಲೆಕ್ಕ ತಪ್ಪಿದ್ದಲ್ಲ. ಆದ್ದರಿಂದ ತಂತ್ರಾಂಶ ಹಾಕಿದ ಮಾತ್ರಕ್ಕೆ ವಿದ್ಯುತ್ ಉಳಿತಾಯವಾಗದು. ರಾಸ್ಪ್‌ಬೆರಿ ಪೈ 4ಕ್ಕೆ ಸೂಚಿಸಿರುವ ಅಡಾಪ್ಟರ್ 15 ವಾಟ್‌ನದು. ಮನುಷ್ಯನ ಇಡೀ ಮಿದುಳು ನಡೆಯುವುದು ಸುಮಾರು 20 ವಾಟ್‌ನಲ್ಲಿ! ಪುಟ್ಟ ಬೋರ್ಡಿನಲ್ಲಿ ಮಿದುಳಿನ ಮಿತವ್ಯಯ ಸಾಧಿಸಿದೆವು ಎಂದು ಯೋಜನಾ ವರದಿಯಲ್ಲಿ ಬರೆಯುವವರು ಮೊದಲು ವಿದ್ಯುತ್ ಅಳೆದು ನೋಡುವುದು ಲೇಸು. ಕಲಿಕೆಗೆ ಮತ್ತು ಸಣ್ಣ ಜಾಲಗಳ ಪ್ರಯೋಗಕ್ಕೆ ಮಾತ್ರ ಈ ಬೋರ್ಡು ಧಾರಾಳವಾಗಿ ಸಾಕು.

ಹಾಗೆಂದು ಈ ಬೋರ್ಡಿನ ಪ್ರೊಸೆಸರ್ ವಂಶ ಕಡಿಮೆಯದೇನಲ್ಲ. ಆರ್ಮ್ ಪ್ರೊಸೆಸರ್‌ನ ಮೂಲ ವಿನ್ಯಾಸಕರಲ್ಲಿ ಒಬ್ಬರಾದ ಸ್ಟೀವ್ ಫರ್ಬರ್ ಅವರೇ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸ್ಪಿನ್ನೇಕರ್ ಎಂಬ ನ್ಯೂರೋಮಾರ್ಫಿಕ್ ಯಂತ್ರ ಕಟ್ಟಿಸಿದರು. 2018ರಲ್ಲಿ ಅದು 10 ಲಕ್ಷ ಕೋರ್‌ಗಳನ್ನು ಮುಟ್ಟಿತು. ಅವೆಲ್ಲವೂ ಸಣ್ಣ ಆರ್ಮ್ ಕೋರ್‌ಗಳೇ.