ಪೀಣ್ಯದ ಶೆಡ್ಡಿನಿಂದ ಹಳ್ಳಿಯ ತರಗತಿಯವರೆಗೆ

ನಮ್ಮ ಶಾಲೆ ಶುರುವಾದ 1975ರಲ್ಲಿಯೇ ಭಾರತದ ಮೊದಲ ಉಪಗ್ರಹ ಆರ್ಯಭಟ ಆಕಾಶಕ್ಕೇರಿತು. ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ಟಿನ್ ಯಾರ್ ಎಂಬ ನೆಲೆಯಿಂದ, ಅವರದೇ ರಾಕೆಟ್ಟಿನ ಮೇಲೆ. ಅದೇ ವರ್ಷ ಆಗಸ್ಟ್ 1ರಿಂದ ನಮ್ಮ ಪಕ್ಕದ ಬಿಜಾಪುರ ಜಿಲ್ಲೆಯ ಕೆಲವು ಹಳ್ಳಿಗಳ ಮಕ್ಕಳು ಉಪಗ್ರಹದಿಂದ ಇಳಿದು ಬಂದ ಕನ್ನಡ ಕಾರ್ಯಕ್ರಮಗಳನ್ನು ಟಿವಿಯಲ್ಲಿ ನೋಡತೊಡಗಿದರು. ಮೊದಲನೆಯ ಸಂಗತಿ ಶಾಲೆಗೆ ಹೋದವರಿಗೆಲ್ಲ ಗೊತ್ತು. ಎರಡನೆಯದು ನಮ್ಮ ಜಿಲ್ಲೆಯಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಬಾಹ್ಯಾಕಾಶದ ಬಗ್ಗೆ ಏನಾದರೂ ಬರೆದುಕೊಡು ಎಂದು ಗುರುಗಳು ಹೇಳಿದಾಗ, ಚಂದ್ರನ ಕಥೆಗಿಂತ ಇದನ್ನು ಬರೆಯಬೇಕೆನಿಸಿತು. ಈ ಐವತ್ತು ವರ್ಷಗಳಲ್ಲಿ ಉಪಗ್ರಹ ನಮ್ಮಂಥ ಊರುಗಳ ತರಗತಿಗೆ ಎಷ್ಟು ಸಲ ಬಂತು, ಬಂದದ್ದು ಏಕೆ ನಿಲ್ಲಲಿಲ್ಲ ಎಂಬುದನ್ನು.

ಮೊದಲು ಆರ್ಯಭಟದ ಮಾತು. ಅದನ್ನು ಕಟ್ಟಿಸಿದವರು ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾವ್. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು, ಬಳ್ಳಾರಿಯ ವೀರಶೈವ ಕಾಲೇಜು, ಆಮೇಲೆ ಅನಂತಪುರ, ಬನಾರಸ್ ಎಂದು ಓದುತ್ತಾ ಹೋಗಿ ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಶಿಷ್ಯರಾದವರು. 1972ರ ಮೇ ತಿಂಗಳಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯೊಡನೆ ಒಪ್ಪಂದವಾಯಿತು. ಉಪಗ್ರಹ ನಮ್ಮದು, ರಾಕೆಟ್ ಅವರದು. ಕೆಲಸಕ್ಕೆ ಸಿಕ್ಕ ಜಾಗ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕಲ್ನಾರು ಶೀಟು ಹೊದಿಸಿದ ನಾಲ್ಕು ಶೆಡ್ಡುಗಳು. ಸೇರಿದವರಲ್ಲಿ ಹೆಚ್ಚಿನವರು ಆಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಉಪಗ್ರಹವನ್ನು ಕಟ್ಟುವುದಿರಲಿ, ಕಣ್ಣಾರೆ ನೋಡಿದವರೂ ಅವರಲ್ಲಿ ಇರಲಿಲ್ಲವೆಂದೇ ಹೇಳಬೇಕು. ಎರಡೂವರೆ ವರ್ಷದಲ್ಲಿ 26 ಮುಖಗಳ, 360 ಕಿಲೋ ತೂಕದ ಉಪಗ್ರಹ ಸಿದ್ಧವಾಯಿತು. ಅದರ ಸಂಕೇತ ಹಿಡಿಯಲು ಬೆಂಗಳೂರಿನಲ್ಲಿ ಜಾಗ ಸಾಲದೆ ಒಂದು ಶೌಚಾಲಯವನ್ನೇ ದತ್ತಾಂಶ ಕೇಂದ್ರವಾಗಿ ಬದಲಾಯಿಸಿಕೊಂಡಿದ್ದರೆಂದು ರಾವ್ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಮೇಲೆ ಹೋದ ನಾಲ್ಕೈದು ದಿನಕ್ಕೇ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು, ಕ್ಷಕಿರಣ ಮತ್ತು ಸೂರ್ಯನ ಅಧ್ಯಯನಕ್ಕೆಂದು ಇಟ್ಟಿದ್ದ ವೈಜ್ಞಾನಿಕ ಉಪಕರಣಗಳನ್ನು ನಿಲ್ಲಿಸಬೇಕಾಯಿತು. ಆದರೆ ಉಪಗ್ರಹದ ಒಡಲು ಕೆಟ್ಟಿರಲಿಲ್ಲ. 1981ರವರೆಗೂ ಅದು ಬೆಂಗಳೂರಿನ ಮಾತಿಗೆ ಉತ್ತರ ಕೊಡುತ್ತಿತ್ತು. 1992ರ ಫೆಬ್ರವರಿಯಲ್ಲಿ ವಾತಾವರಣಕ್ಕೆ ಇಳಿದು ಉರಿದುಹೋಯಿತು. ನಮ್ಮ ಊರಿನ ಹಿರಿಯರು ಅದನ್ನು ನೋಡಿಯೇ ಇದ್ದಾರೆ. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಗರಿ ಗರಿ ಕಡ್ಡಿಗಳ ಒಂದು ಗುಂಡು ಚಿತ್ರವಿತ್ತಲ್ಲ, ಅದೇ ಆರ್ಯಭಟ. ಸಂತೆಯಲ್ಲಿ ಮೆಣಸಿನಕಾಯಿಗೆ ಕೊಟ್ಟ ನೋಟಿನಲ್ಲಿ ಉಪಗ್ರಹ ಇದೆಯೆಂದು ಆಗ ಯಾರು ಲೆಕ್ಕ ಇಟ್ಟಿದ್ದರು!

ಇನ್ನು ಬಿಜಾಪುರಕ್ಕೆ ಬರೋಣ. ಉಪಗ್ರಹದ ಮೂಲಕ ಶಿಕ್ಷಣ ಕೊಡುವ ಆ ಪ್ರಯೋಗವನ್ನು ಸೈಟ್ ಎಂದು ಕರೆಯುತ್ತಿದ್ದರು. ಉಪಗ್ರಹ ನಮ್ಮದಲ್ಲ, ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6. ಅದನ್ನು ಒಂದು ವರ್ಷದ ಮಟ್ಟಿಗೆ ಪೂರ್ವ ಆಫ್ರಿಕಾದ ಮೇಲಕ್ಕೆ ಸರಿಸಿ ನಮಗೆ ಎರವಲು ಕೊಟ್ಟಿದ್ದರು. ಕಾರ್ಯಕ್ರಮ, ನೆಲದ ಮೇಲಿನ ಯಂತ್ರ, ಹಳ್ಳಿಯ ಟಿವಿ ಎಲ್ಲವೂ ನಮ್ಮವರ ಹೊಣೆ. ಇಸ್ರೋದಲ್ಲಿ ಇದರ ಉಸ್ತುವಾರಿ ಹೊತ್ತವರು ಇ.ವಿ. ಚಿಟ್ನಿಸ್. ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಟಿವಿ ಇಟ್ಟರು. ಕರ್ನಾಟಕದಲ್ಲಿ ಆರಿಸಿದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬೆಳಗಾವಿ ಆ ಪಟ್ಟಿಯಲ್ಲಿರಲಿಲ್ಲ. ಹಿಂದುಳಿದ ಜಿಲ್ಲೆಗಳಿಗೆ ಆದ್ಯತೆ ಎಂಬುದು ಅವರ ಲೆಕ್ಕ. ಆ ಲೆಕ್ಕದಲ್ಲಿ ನಮ್ಮ ಖಾನಾಪುರದ ಕಾಡಂಚಿನ ಹಳ್ಳಿಗಳು ಕಣ್ಣಿಗೆ ಬೀಳಲಿಲ್ಲ, ಜಿಲ್ಲೆಯ ಹೆಸರು ದೊಡ್ಡದಿದ್ದರೆ ಹೀಗೆ ಆಗುತ್ತದೆ.

ಸೈಟ್‌ನ ಡಿಶ್ ನೋಡಿದರೆ ಇಂದಿನ ಮಕ್ಕಳು ನಗಬಹುದು. ಸುಮಾರು ಹತ್ತು ಅಡಿ ಅಗಲದ ಛತ್ರಿ, ಅದಕ್ಕೆ ಕೋಳಿಗೂಡಿಗೆ ಹೊಡೆಯುವಂಥ ತಂತಿಯ ಜಾಲರಿ. ಆದರೆ ಅದು ತಮಾಷೆಯ ಮಾತಲ್ಲ. ಉಪಗ್ರಹದಿಂದ ಬರುವ ಅಲೆಯ ಉದ್ದಕ್ಕಿಂತ ಜಾಲರಿಯ ಕಣ್ಣು ಸಾಕಷ್ಟು ಸಣ್ಣದಿದ್ದರೆ ಅಲೆಗೆ ಅದು ಗೋಡೆಯಂತೆಯೇ, ತಟ್ಟಿ ಹಿಂದಕ್ಕೆ ಪುಟಿಯುತ್ತದೆ. ಪೂರಾ ತಗಡು ಹಾಕುವ ಖರ್ಚು ಉಳಿಯಿತು, ಗಾಳಿಗೆ ಛತ್ರಿ ಬೀಳುವ ಭಯವೂ ಕಡಿಮೆಯಾಯಿತು. ಬೆಳಗ್ಗೆ ಒಂದೂವರೆ ತಾಸು ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ಊರಿನವರಿಗೆ ಕೃಷಿ, ಆರೋಗ್ಯ, ಮನರಂಜನೆ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಕರೆಂಟು ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯಿಂದ ಟಿವಿ ನಡೆಸಿದರು.

ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ದುರಸ್ತಿಯ ಏರ್ಪಾಡು. ಟಿವಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಕೆಟ್ಟರೆ ಯಾರು ಬರಬೇಕು, ಬಿಡಿಭಾಗ ಎಲ್ಲಿಂದ ತರಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ ಆಯಾ ಜಿಲ್ಲೆಗಳಲ್ಲೇ ದುರಸ್ತಿ ಕೇಂದ್ರಗಳನ್ನು ಇಟ್ಟಿದ್ದರು. ಆದ್ದರಿಂದಲೇ ಬಹುಪಾಲು ಸೆಟ್ಟುಗಳು ವರ್ಷವಿಡೀ ನಡೆದವು. ಆ ಕಾಲದ ರಸ್ತೆ, ಫೋನು ನೆನೆಸಿಕೊಂಡರೆ ಇದು ಉಪಗ್ರಹ ಹಾರಿಸಿದಷ್ಟೇ ದೊಡ್ಡ ಕೆಲಸ.

1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು. ಎರವಲು ತಂದದ್ದು ಒಡೆಯನ ಕಡೆಗೆ ಹೋಯಿತು. ಮರುವರ್ಷ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ತೆರೆದರು, ರಾಜ್ಯದ ಮೊದಲ ಟಿವಿ ಕೇಂದ್ರ ಬೆಂಗಳೂರಿಗಿಂತ ಮೊದಲು ಗುಲ್ಬರ್ಗಾಕ್ಕೆ ಬಂದದ್ದಕ್ಕೆ ಕಾರಣ ಇದೇ. ಅದರ ಗೋಪುರದ ಸಿಗ್ನಲ್ ಮುಟ್ಟಿದ ಹಳ್ಳಿಗಳಲ್ಲಿ ಟಿವಿ ಮುಂದುವರಿಯಿತು. ಮುಟ್ಟದ ಹಳ್ಳಿಗಳಿಗೆ ನಮ್ಮದೇ ಉಪಗ್ರಹ ಬರುವವರೆಗೆ ಕಾಯುವುದೊಂದೇ ದಾರಿ.

ಹಾಗೆ ಕಾದದ್ದು ಬಹಳ ವರ್ಷ. ನಮ್ಮದೇ ರಾಕೆಟ್ ಎಸ್‌ಎಲ್‌ವಿ-3 1979ರಲ್ಲಿ ಸೋತು 1980ರ ಜುಲೈ 18ರಂದು ಗೆದ್ದಿತು, ಆದರೆ ಅದು ಹೊತ್ತದ್ದು ನಲವತ್ತು ಕಿಲೋದೊಳಗಿನ ರೋಹಿಣಿಯನ್ನು. ಟಿವಿ ಪ್ರಸಾರದ ಉಪಗ್ರಹಕ್ಕೆ ಅಷ್ಟು ಸಾಲದು. ಅದು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರಬೇಕು. ಅಲ್ಲಿದ್ದರೆ ಅದು ಒಂದು ಸುತ್ತು ಮುಗಿಸುವುದಕ್ಕೂ ಭೂಮಿ ಒಂದು ಸುತ್ತು ತಿರುಗುವುದಕ್ಕೂ ಸರಿಹೋಗಿ, ನೆಲದಿಂದ ನೋಡಿದವರಿಗೆ ಒಂದೇ ಕಡೆ ನಿಂತಂತೆ ಇರುತ್ತದೆ. ಒಮ್ಮೆ ತಿರುಗಿಸಿ ಬಿಗಿದ ಡಿಶ್ಶನ್ನು ಮತ್ತೆ ಮುಟ್ಟಬೇಕಿಲ್ಲ. ಪೀಣ್ಯದ ಶೆಡ್ಡುಗಳಲ್ಲೇ ತಯಾರಾದ ಆ್ಯಪಲ್ ಎಂಬ ಪ್ರಾಯೋಗಿಕ ಉಪಗ್ರಹ 1981ರ ಜೂನ್ 19ರಂದು ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಹೋಗಿ ಅಲ್ಲಿ ನಿಂತಿತು. ಅದರ ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದೆಂದು ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಇಟ್ಟ ಚಿತ್ರ ಬಹಳ ಪ್ರಸಿದ್ಧ. ಬಡತನದ ಗುರುತೆಂದು ಅದನ್ನು ತೋರಿಸುವವರಿದ್ದಾರೆ. ನಮ್ಮ ಚಕ್ಕಡಿ ಕಟ್ಟಿಗೆಯದು, ಆ ಕೆಲಸಕ್ಕೆ ಲಾರಿಗಿಂತ ಅದೇ ಸರಿ. ಅದು ಬಡತನದ ಮಾತಲ್ಲ, ಎಂಜಿನಿಯರಿಂಗಿನ ಮಾತು.

ಆಮೇಲೆ ಇನ್ಸಾಟ್‌ಗಳು ಬಂದವು. 1982ರ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು, 1983ರ ಇನ್ಸಾಟ್-1ಬಿ ನಿಂತಿತು. ಇವನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿ. ಊರಿಗೊಂದು ಟಿವಿ, ಓಣಿಗೊಂದು ಆಂಟೆನಾ ಆದದ್ದು ಆ ಕಾಲದಲ್ಲಿ. ಪಾಠಕ್ಕಿಂತ ಧಾರಾವಾಹಿ ಹೆಚ್ಚು ಬಂತು ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ರಾಕೆಟ್ಟುಗಳ ಕಥೆಯನ್ನು ಬೇಗ ಮುಗಿಸುತ್ತೇನೆ. ಪಿಎಸ್‌ಎಲ್‌ವಿ 1993ರ ಸೆಪ್ಟೆಂಬರ್ 20ರಂದು ಮೊದಲ ಹಾರಾಟದಲ್ಲಿ ಸಮುದ್ರಕ್ಕೆ ಬಿತ್ತು, ಮರುವರ್ಷ ಗೆದ್ದಿತು. ಅದಕ್ಕಿಂತ ಭಾರ ಹೊರುವ ಜಿಎಸ್‌ಎಲ್‌ವಿ 2001ರಲ್ಲಿ ಮೊದಲ ಸಲ ಹಾರಿತು. ಅದರ ಮೇಲಿನ ಹಂತಕ್ಕೆ ಬೇಕಾದ ಕ್ರಯೋಜೆನಿಕ್ ಎಂಜಿನ್ ಆಗ ರಷ್ಯದ್ದು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಗೆದ್ದದ್ದು 2014ರ ಜನವರಿಯಲ್ಲಿ.

ನನ್ನ ವಯಸ್ಸಿನವರಿಗೆ ಹತ್ತಿರದ ದಿನಾಂಕ ಬೇರೆ: 2004ರ ಸೆಪ್ಟೆಂಬರ್ 20. ಅಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ಹೊತ್ತೊಯ್ದದ್ದು 1,950 ಕಿಲೋ ತೂಕದ ಎಜುಸ್ಯಾಟ್. ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹ. ಈ ಸಲ ಉಪಗ್ರಹವೂ ನಮ್ಮದು, ಹಾರಿಸಿದ್ದೂ ನಮ್ಮ ನೆಲದಿಂದ. ಅದನ್ನು ನಿಲ್ಲಿಸಿದ ಜಾಗ ಪೂರ್ವ ರೇಖಾಂಶ 74 ಡಿಗ್ರಿ. ಭೂಪಟ ತೆಗೆದು ನೋಡಿ, ಬೆಳಗಾವಿ ಇರುವುದು 74.5ರಲ್ಲಿ. ಅಂದರೆ ಪಾಠದ ಉಪಗ್ರಹ ನಿಂತಿದ್ದು ಹೆಚ್ಚುಕಡಿಮೆ ನಮ್ಮದೇ ಗೆರೆಯ ಮೇಲೆ, ನೇರ ದಕ್ಷಿಣಕ್ಕೆ, ತಲೆ ಚೆನ್ನಾಗಿ ಮೇಲೆತ್ತಿ ನೋಡುವಷ್ಟು ಎತ್ತರದಲ್ಲಿ.

ನೆಲದ ಮೇಲಿನ ನಂಟೂ ಇತ್ತು. ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೋಗುವಾಗ ಮಚ್ಛೆಯ ಹತ್ತಿರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನ ಸಂಗಮ ಸಿಗುತ್ತದೆ. ಎಜುಸ್ಯಾಟ್ ಹಾರುವ ಮೊದಲೇ ಇನ್ಸಾಟ್-3ಬಿ ಉಪಗ್ರಹ ಬಳಸಿ ನಡೆಸಿದ ಪ್ರಾಯೋಗಿಕ ಹಂತಕ್ಕೆ ದೇಶದಲ್ಲಿ ಆರಿಸಿದ ಮೂರು ವಿಶ್ವವಿದ್ಯಾಲಯಗಳಲ್ಲಿ ಇದೊಂದು. ಮುಂದೆ ಎಜುಸ್ಯಾಟ್ ಮೂಲಕ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠಗಳು ಹೋದವು. ಶಾಲೆಗಳ ಮಟ್ಟದಲ್ಲಿ ಕರ್ನಾಟಕದಿಂದ ಆರಿಸಿದ್ದು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು. ಅಲ್ಲಿ ಕನ್ನಡದಲ್ಲೇ ಪಾಠ ಬಂತು.

ನಾನು ಬಿ.ಇ. ಓದುವಾಗ ಆ ಉಪಗ್ರಹ ಪಾಠಗಳಲ್ಲಿ ಕುಳಿತವನು. ಒಂದು ದೊಡ್ಡ ಕೋಣೆ, ಎದುರಿಗೆ ಪರದೆ. ಹಳ್ಳಿಯ ಸರ್ಕಾರಿ ಹೈಸ್ಕೂಲಿನಿಂದ ಹೋದ ನಮ್ಮಂಥವರಿಗೆ ಬೇರೆ ಊರಿನ ಒಳ್ಳೆಯ ಪ್ರಾಧ್ಯಾಪಕರ ಪಾಠ ಪುಕ್ಕಟೆ ಸಿಗುವುದು ಸಣ್ಣ ಮಾತಲ್ಲ. ಪ್ರಶ್ನೆ ಕೇಳುವ ಅವಕಾಶವೂ ಇತ್ತು. ಮಾತು ಉಪಗ್ರಹಕ್ಕೆ ಹೋಗಿ ಇಳಿಯಲು ಕಾಲು ಸೆಕೆಂಡು, ಉತ್ತರ ಬರಲು ಮತ್ತೆ ಕಾಲು ಸೆಕೆಂಡು. ಆ ಅರ್ಧ ಸೆಕೆಂಡಿನ ಮೌನದಲ್ಲಿ ಹಿಂದಿನ ಬೆಂಚಿನವರು ನಗುತ್ತಿದ್ದರು. ಆದರೆ ಪ್ರಸಾರದ ಹೊತ್ತಿಗೆ ಲ್ಯಾಬ್ ಇರುತ್ತಿತ್ತು, ಇಲ್ಲವೇ ಕರೆಂಟು ಹೋಗುತ್ತಿತ್ತು. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಎಜುಸ್ಯಾಟ್ ಪಾಠಗಳಿಗೆ ಬಳಸುತ್ತಿದ್ದ ಕೆಯು ಬ್ಯಾಂಡಿನ ಅಲೆಗಳು ತೀರಾ ಗಿಡ್ಡ, ದೊಡ್ಡ ಮಳೆಯ ಹನಿಗಳು ಅವನ್ನು ನುಂಗಿಬಿಡುತ್ತವೆ. ಜುಲೈ ತಿಂಗಳಲ್ಲಿ ಮನೆಯ ಟಿವಿ ಮಧ್ಯೆ ಮಧ್ಯೆ ನಿಲ್ಲುವುದೂ ಇದರಿಂದಲೇ. ಕಣಕುಂಬಿ, ಜಾಂಬೋಟಿ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಎಜುಸ್ಯಾಟ್ 2010ರ ಸೆಪ್ಟೆಂಬರಿನಲ್ಲಿ ನಿವೃತ್ತಿಯಾಯಿತು, ಬಳಕೆಯ ಕಕ್ಷೆಯಿಂದ ಮೇಲಕ್ಕೆ ಸರಿಸಿ ಬಿಟ್ಟುಬಿಟ್ಟರು. ಆ ಯೋಜನೆಯ ಬಗ್ಗೆ 2013ರಲ್ಲಿ ಬಂದ ಮಹಾಲೇಖಪಾಲರ ವರದಿ ಕಟುವಾಗಿತ್ತು. ಉಪಗ್ರಹ ಮೇಲೆ ಹೋದರೂ ಕೆಳಗಿನ ಜಾಲ ಸಿದ್ಧವಾಗಲು ತಡ, ಪಾಠಗಳ ತಯಾರಿ ತಡ, ಉಸ್ತುವಾರಿ ಸಡಿಲ ಎಂಬುದು ಅದರ ಸಾರ. ಓದಿದಾಗ ನನಗೆ ನೆನಪಾದದ್ದು 1975ರ ಬಿಜಾಪುರ. ಆಗ ಉಪಗ್ರಹ ಎರವಲಿನದು, ಡಿಶ್ ಕೋಳಿಜಾಲರಿಯದು, ಆದರೆ ಹಳ್ಳಿಯಲ್ಲಿ ಟಿವಿ ಕೆಟ್ಟರೆ ಬರುವವನೊಬ್ಬನಿದ್ದ. ಮೂವತ್ತು ವರ್ಷದ ನಂತರ ಉಪಗ್ರಹ ಸ್ವಂತದ್ದು, ರಾಕೆಟ್ ಸ್ವಂತದ್ದು, ದುರಸ್ತಿಗೆ ಬರುವವನು ಮಾತ್ರ ಎಷ್ಟೋ ಕಡೆ ಇರಲಿಲ್ಲ. ನಮ್ಮ ಬಾಹ್ಯಾಕಾಶ ಸಾಧನೆಯ ಬಗ್ಗೆ ಹೆಮ್ಮೆಪಡುವಾಗ ನಾವು ಯಾವಾಗಲೂ ಮೇಲೆ ನೋಡುತ್ತೇವೆ. ಸೈಟ್ ಯೋಜನೆಯನ್ನು ಕಟ್ಟಿದವರು ಕೆಳಗೂ ನೋಡಿದ್ದರು, ಅದಕ್ಕೇ ನನಗೆ ಆರ್ಯಭಟಕ್ಕಿಂತ ಅದರ ಮೇಲೆ ಅಭಿಮಾನ ಹೆಚ್ಚು. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಡಿಜಿಟಲ್ ಬೋರ್ಡು ಕೊಡಿಸುವ ಮಾತು ಈಗ ನಡೆದಿದೆ. ಬೋರ್ಡಿನ ಬೆಲೆಯ ಜೊತೆಗೆ ಐದು ವರ್ಷದ ದುರಸ್ತಿಯ ಹಣವನ್ನೂ ಬ್ಯಾಂಕಿನಲ್ಲಿ ಇಡೋಣವೆಂದು ಸಭೆಯಲ್ಲಿ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಪಾಠ ಮೂರನೆಯ ಸಲ ಆಕಾಶದಿಂದ ಬಂದದ್ದು ಕೊರೊನಾ ಕಾಲದಲ್ಲಿ. 2020ರಲ್ಲಿ ಶಾಲೆಗಳಿಗೆ ಬೀಗ ಬಿದ್ದಾಗ ಚಂದನ ವಾಹಿನಿಯಲ್ಲಿ 8ರಿಂದ 10ನೆಯ ತರಗತಿಯವರಿಗೆ ಪಾಠ ಬಿತ್ತರಿಸಿದರು. ಪೇಟೆಯ ಮಕ್ಕಳು ಮೊಬೈಲು ಹಿಡಿದು ಕೂತರು. ಭೀಮಗಡ ಅರಣ್ಯದ ಸುತ್ತಲಿನ ಎಷ್ಟೋ ಹಳ್ಳಿಗಳಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಅಂಥ ಕಡೆ ಡಿಶ್ ಇದ್ದ ಮನೆಯೇ ತರಗತಿ. ಗೋಪುರ ಬೇಡ, ತಂತಿ ಬೇಡ, ಗುಡ್ಡದ ಮರೆಯಿಲ್ಲದ ಆಕಾಶವಿದ್ದರೆ ಸಾಕು ಎಂಬುದು 1975ರಲ್ಲಿ ಎಷ್ಟು ನಿಜವೋ ಆಗಲೂ ಅಷ್ಟೇ ನಿಜ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದುದನ್ನು ನೀವೆಲ್ಲ ನೋಡಿದ್ದೀರಿ. ಅಂದು ಟಿವಿಯಲ್ಲಿ ಕಂಡ ನಿಯಂತ್ರಣ ಕೊಠಡಿ ಇರುವುದೂ ಪೀಣ್ಯದಲ್ಲೇ. ಅದರ ಬಗ್ಗೆ ಬರೆದವರು ಬಹಳ ಮಂದಿ, ಆದ್ದರಿಂದ ನಾನು ಬರೆಯುವುದಿಲ್ಲ.

ಇಂದಿನ ವಿದ್ಯಾರ್ಥಿಗಳಿಗೆ ಉಪಯೋಗವಾಗಲೆಂದು ಒಂದು ಮಾತು ಸೇರಿಸುತ್ತೇನೆ. ಪಿಎಂ ಇ-ವಿದ್ಯಾ ಎಂಬ ಹೆಸರಿನಲ್ಲಿ ತರಗತಿಗೊಂದರಂತೆ ಪಾಠದ ವಾಹಿನಿಗಳು ಡಿಡಿ ಫ್ರೀ ಡಿಶ್‌ನಲ್ಲಿ ಬರುತ್ತವೆ. ಡಿಶ್ ಮತ್ತು ಪೆಟ್ಟಿಗೆ ಒಮ್ಮೆ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಇವು ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಅದು ನಿಂತಿರುವುದು ಪೂರ್ವ ರೇಖಾಂಶ 93.5ರಲ್ಲಿ. ಆದ್ದರಿಂದ ನಮ್ಮ ಊರಿನಲ್ಲಿ ಆ ಡಿಶ್ ಆಗ್ನೇಯ ದಿಕ್ಕಿಗೆ, ನೆಲದಿಂದ ಸುಮಾರು 60 ಡಿಗ್ರಿ ಮೇಲಕ್ಕೆ ನೋಡಬೇಕು. ಮಳೆಗಾಲದ ಮುಂಚೆ ಅದರ ಬೋಲ್ಟುಗಳನ್ನು ಒಮ್ಮೆ ಬಿಗಿದುಕೊಳ್ಳಿ.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್
ಮಹಾಂತೇಶ ನಗರ, ಬೆಳಗಾವಿ